ಮರುಭೂಮಿ ಖಾಲಿ ಇರಲ್ಲ: ಡಾಕಾರ್ ರ್ಯಾಲಿಯಿಂದ ಜೈಸಲ್ಮೇರ್‌ವರೆಗೆ ಒಂದು ರೇಸಿನ ಚರಿತ್ರೆ

ಈ ಸಲದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಆಫೀಸ್ ಕ್ಯಾಬಲ್ಲೋ ಮೆಟ್ರೋದಲ್ಲೋ ಓದೋರಿಗೆ ಅನುಕೂಲ ಆಗಲಿ ಅಂತ ಯಾವತ್ತಿನ ಹಾಗೆ ಬರಹದ ರೂಪದಲ್ಲೂ ಹಾಕ್ತಾ ಇದ್ದೀನಿ. ಮಾತಲ್ಲಿ ತಡವರಿಸಿದ ಕಡೆ ತಿದ್ದಿದ್ದೀನಿ, ಉಳಿದದ್ದು ಹೇಳಿದ ಹಾಗೇ ಇದೆ.

ಇವತ್ತಿನ ವಿಷಯ ಮರುಭೂಮಿ ರೇಸು. ಆದರೆ ಯಾರು ಗೆದ್ದರು, ಯಾವ ಗಾಡಿಗೆ ಎಷ್ಟು ಹಾರ್ಸ್‌ಪವರ್ ಅನ್ನೋದು ಇಲ್ಲಿ ಕಮ್ಮಿ. ಆ ರೇಸು ಯಾರ ದಾರಿಯಲ್ಲಿ ಓಡುತ್ತೆ ಅನ್ನೋದು ಜಾಸ್ತಿ.

ಹೈವೇ ಮೇಲಿನ ಜಾಗರಣೆ

2017ರ ಫೆಬ್ರವರಿ. ಶಿವರಾತ್ರಿ ಶುಕ್ರವಾರ ಬಿದ್ದಿತ್ತು. ಹೊಸ ವರ್ಷದ ರಜಾಪಟ್ಟಿ ಮೇಲ್‌ನಲ್ಲಿ ಬಂದ ತಕ್ಷಣ ನಾವೆಲ್ಲ ಮೊದಲು ನೋಡೋದೇ ಯಾವ ಹಬ್ಬ ಶುಕ್ರವಾರ, ಯಾವುದು ಸೋಮವಾರ ಅಂತ ಅಲ್ವಾ? ಸೋಮವಾರ ಒಂದು ರಜೆ ಹಾಕಿದ್ವಿ, ನಾಲ್ಕು ದಿನ ಆಯ್ತು. ಗುರುಗ್ರಾಮದಲ್ಲಿ ಆಗ ಒಂದೇ ಫ್ಲಾಟಲ್ಲಿ ನಾಲ್ಕು ಜನ ಕನ್ನಡದವರಿದ್ವಿ. ಉಡುಪಿಯವನು ಒಬ್ಬ, ಧಾರವಾಡದವನು ಒಬ್ಬ, ಚಿಕ್ಕಮಗಳೂರಿನವನು ಒಬ್ಬ, ಚಳ್ಳಕೆರೆ ಕಡೆಯ ನಾನು.

ಜೈಸಲ್ಮೇರ್ ಹತ್ತಿರ ಒಂದು ಸಣ್ಣ ರ್ಯಾಲಿ ನಡೆಯುತ್ತೆ ಅಂತ ಪತ್ತೆ ಮಾಡಿದವನು ಉಡುಪಿಯ ಗೆಳೆಯ. ಆ ತಿಂಗಳು ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ್ಯಾಲಿಯನ್ನ 36ನೇ ಸ್ಥಾನದಲ್ಲಿ ಮುಗಿಸಿ, ಆ ರ್ಯಾಲಿ ಮುಗಿಸಿದ ಮೊದಲ ಭಾರತೀಯ ಅನ್ನಿಸಿಕೊಂಡಿದ್ರು. 2017ರ ಜನವರಿಯಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಮೊದಲ ಸಲ ಡಾಕಾರ್‌ಗೆ ಇಳಿದ್ರು. ಆ ವರ್ಷ ಅವರಿಗೆ ಕೊನೆ ಮುಟ್ಟೋಕೆ ಆಗಲಿಲ್ಲ. 2019ರಲ್ಲಿ ಹಟ ಹಿಡಿದು 37ನೇಯವರಾಗಿ ಮುಗಿಸಿದ್ರು, ಅದು ಆಮೇಲಿನ ಮಾತು. ನಮ್ಮವನಿಗೆ ಮಾತ್ರ ಅವರು ಹೊರಟಿದ್ದೇ ಸಾಕಾಗಿತ್ತು. "ನಮ್ಮ ಊರಿನವ್ರು ಮಾರಾಯ, ಡಾಕಾರಿಗೆ ಹೋಗಿ ಬಂದಿದ್ದಾರೆ. ನಾವು ಜೈಸಲ್ಮೇರಿಗೆ ಹೋಗ್ಲಿಕ್ಕೆ ಆಗುದಿಲ್ವಾ?" ಅಂತ ದಿನಾ ಶುರು ಮಾಡ್ತಿದ್ದ.

ಗುರುವಾರ ರಾತ್ರಿ ಇಬ್ಬರಿಗೆ ರಿಲೀಸ್ ಇತ್ತು. ಹಾಗಾಗಿ ಶುಕ್ರವಾರ ಮಧ್ಯಾಹ್ನದವರೆಗೂ ಮಲಗಿ, ಸಾಯಂಕಾಲ ಬಾಡಿಗೆಯ ಎಸ್‌ಯುವಿ ತಗೊಂಡು ಹೊರಟ್ವಿ. ಉಪವಾಸ ಇದ್ದವನು ಧಾರವಾಡದವನು ಒಬ್ಬನೇ. ಜಾಗರಣೆ ಮಾತ್ರ ನಾಲ್ಕೂ ಜನಕ್ಕೆ ಆಯ್ತು. ಝುಂಝುನೂ ದಾಟಿ, ಫತೇಪುರ್ ದಾಟಿ, ಬಿಕಾನೇರ್ ಕಡೆ ಹೋಗೋ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ನೋಡಿದ್ರೆ ಎರಡೂ ಕಡೆ ಒಂದು ದೀಪ ಇಲ್ಲ. ಅಮಾವಾಸ್ಯೆ ಹತ್ತಿರದ ಕತ್ತಲು, ಮೇಲೆ ನಕ್ಷತ್ರ.

"ಏನಲೇ ಇದು, ಎಲ್ಲಿ ನೋಡಿದ್ರೂ ಬರೇ ಕತ್ತಲ ಐತಿ" ಅಂದ ಧಾರವಾಡದವನು.

"ಇಲ್ಲಿ ಏನೂ ಇಲ್ಲ ಕಣೋ, ಎಲ್ಲಾ ಖಾಲಿ" ಅಂತ ನಾನು ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಇದಕ್ಕೇ ವಾಪಸ್ ಬರ್ತೀನಿ.

ದಾರಿ ತಪ್ಪಿದವನು ಕಟ್ಟಿದ ರೇಸು

ಮರುಭೂಮಿ ರೇಸಿನ ಚರಿತ್ರೆ ಅಂದ್ರೆ ಡಾಕಾರ್ ಬಿಟ್ಟು ಹೇಳೋಕೆ ಆಗಲ್ಲ. ಅದರ ಶುರು ಒಂದು ದಾರಿ ತಪ್ಪಿದ ಕಥೆ.

1977ರಲ್ಲಿ ಅಬಿಜಾನ್‌ನಿಂದ ನೀಸ್‌ವರೆಗೆ ಒಂದು ರ್ಯಾಲಿ ನಡೀತು. ಅದರಲ್ಲಿ ಥಿಯೆರಿ ಸಬೀನ್ ಅನ್ನೋ ಫ್ರೆಂಚ್ ಬೈಕ್ ಸವಾರ ಸಹಾರಾದಲ್ಲಿ ಕಳೆದುಹೋದ. ನೀರಿಲ್ಲದೆ ಒದ್ದಾಡಿ, ಸಾಯೋ ಹಂತದಲ್ಲಿ ಸಿಕ್ಕ. ನಮಗಾದ್ರೆ ಮನೆಯಲ್ಲಿ ಇನ್ನು ಬೈಕ್ ಮುಟ್ಟೋಕೇ ಬಿಡ್ತಿರಲಿಲ್ಲ. ಅವನು ಮಾತ್ರ ಪ್ಯಾರಿಸ್‌ಗೆ ವಾಪಸ್ ಹೋಗಿ, ಈ ಅನುಭವ ಬೇರೆಯವರಿಗೂ ಸಿಗಬೇಕು ಅಂತ ಒಂದು ರೇಸನ್ನೇ ಕಟ್ಟಿದ. 1978ರ ಡಿಸೆಂಬರ್ 26ಕ್ಕೆ ಪ್ಯಾರಿಸ್‌ನ ಟ್ರೊಕಾಡೆರೊದಿಂದ 182 ಗಾಡಿ ಹೊರಟವು. ಸುಮಾರು 10,000 ಕಿ.ಮೀ. ದೂರದ ಸೆನೆಗಲ್‌ನ ರಾಜಧಾನಿ ಡಾಕಾರ್ ಗುರಿ. ಅಲ್ಲಿಗೆ ಮುಟ್ಟಿದ್ದು 74. ಯಮಹಾ ಎಕ್ಸ್‌ಟಿ 500 ಬೈಕಲ್ಲಿ ಸಿರಿಲ್ ನವೂ ಗೆದ್ದ.

ಈ ರೇಸಿನ ಮಜಾ ಇರೋದು ದಾರಿ ಹುಡುಕೋದರಲ್ಲಿ. ರ್ಯಾಲಿಯ ಹಳೇ ಕ್ರಮದಲ್ಲಿ ಸವಾರನಿಗೆ ಸಿಗೋದು ಸುರುಳಿ ಸುತ್ತಿದ ಕಾಗದ, ಅದಕ್ಕೆ ರೋಡ್‌ಬುಕ್ ಅಂತಾರೆ. ಇಷ್ಟು ಕಿಲೋಮೀಟರ್‌ಗೆ ಈ ಗುರುತು, ಇಲ್ಲಿಂದ ಇಷ್ಟು ಡಿಗ್ರಿ, ಮುಂದೆ ಗುಂಡಿ ಇದೆ ಅಂತ ಸಣ್ಣ ಸಣ್ಣ ಚಿತ್ರ ಇರುತ್ತೆ. ಗೂಗಲ್ ಮ್ಯಾಪ್ಸ್ ಥರ ಬಾಯಿಬಿಟ್ಟು ದಾರಿ ಹೇಳೋದು ಯಾವುದೂ ಇಲ್ಲ. ನೂರು ಕಿ.ಮೀ. ವೇಗದಲ್ಲಿ ಹೋಗ್ತಾ ಅದನ್ನ ಓದಿ ಅರ್ಥ ಮಾಡ್ಕೋಬೇಕು.

ತಪ್ಪಿದ್ರೆ ಏನಾಗುತ್ತೆ ಅನ್ನೋಕೆ ಉದಾಹರಣೆ 1982ರದ್ದು. ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಥ್ಯಾಚರ್ ತನ್ನ ತಂಡದ ಜೊತೆ ಸಹಾರಾದಲ್ಲಿ ಆರು ದಿನ ನಾಪತ್ತೆ ಆಗಿದ್ದ. ದೊಡ್ಡ ಹುಡುಕಾಟವೇ ನಡೆದು, ಕೊನೆಗೆ ಅಲ್ಜೀರಿಯಾದ ಸೇನೆಯ ವಿಮಾನಕ್ಕೆ ಕಂಡ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸಹಾರಾ ಅಂದ್ರೆ ಮನುಷ್ಯ ಮಾಯ ಆಗೋ ಜಾಗ ಅನ್ನೋ ಚಿತ್ರ ಗಟ್ಟಿ ಆಯ್ತು. ಆ ಸಹಾರಾದಲ್ಲೇ ತುವಾರೆಗ್ ಜನ ಶತಮಾನಗಳಿಂದ ಒಂಟೆ ಮೇಲೆ ಉಪ್ಪು ಸಾಗಿಸ್ತಾ ಇದ್ದಾರೆ. ಅದು ಹೆಡ್‌ಲೈನ್ ಆಗಲ್ಲ.

ಭಾರತಕ್ಕೆ ಈ ಹುಚ್ಚು ಸ್ವಲ್ಪ ನಿಧಾನವಾಗಿ ಬಂತು. 1980ರಲ್ಲಿ ಹಿಮಾಲಯನ್ ರ್ಯಾಲಿ, 1999ರಲ್ಲಿ ರೇಡ್ ಡಿ ಹಿಮಾಲಯ, 2003ರಲ್ಲಿ ಥಾರ್ ಮರುಭೂಮಿಗೆ ಡೆಸರ್ಟ್ ಸ್ಟಾರ್ಮ್. ಸಂತೋಷ್ ಅವರಂಥವರು ಡಾಕಾರ್‌ಗೆ ಮುಂಚೆ ಮರಳು ಕಲಿತಿದ್ದು ಇಲ್ಲೇ. ನಾವು ನೋಡೋಕೆ ಹೋಗಿದ್ದು ಇಷ್ಟು ದೊಡ್ಡದಲ್ಲ, ಒಂದು ಚಿಕ್ಕ ರ್ಯಾಲಿ. ಹೆಸರು ಬೇಡ, ಈ ಕಥೆಗೆ ಅದರ ಅಗತ್ಯ ಇಲ್ಲ.

ಟೇಪಿನ ಆಚೆ ಕಡೆ

ಬಿಕಾನೇರ್‌ನಲ್ಲಿ ಬೆಳಗ್ಗೆ ಕಚೋರಿ, ಚಹಾ. ಫಲೋದಿ, ಪೋಖ್ರಾನ್ ದಾಟಿ ಜೈಸಲ್ಮೇರ್ ತಲುಪುವಾಗ ಮಧ್ಯಾಹ್ನ. ಆವತ್ತು ಮಲಗಿದ್ದೇ ಆಯ್ತು. ಭಾನುವಾರ ಬೆಳಗ್ಗೆ ರಾಮಗಢದ ರಸ್ತೆ ಹಿಡಿದು, ಪಕ್ಕದ ಕಚ್ಚಾ ದಾರಿಯಲ್ಲಿ ರ್ಯಾಲಿ ನೋಡೋ ಜಾಗಕ್ಕೆ ಹೋದ್ವಿ.

ಮೊದಲು ಬೈಕುಗಳು ಬಂದವು. ದೂರದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು, ಆಮೇಲೆ ಧೂಳಿನ ಬಾಲ, ಆಮೇಲೆ ದಿಬ್ಬದ ಮೇಲೆ ಒಂದು ಕ್ಷಣ ಗಾಳಿಯಲ್ಲಿ ನಿಂತ ಸವಾರ. ನಾನು ಅದುವರೆಗೂ ರ್ಯಾಲಿ ನೋಡಿರಲಿಲ್ಲ. ಮೈ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ. ಉಡುಪಿಯವನು ಬಿಡಿ, ಅವನು ಕುಣೀತಾ ಇದ್ದ. ಆಮೇಲೆ ಜಿಪ್ಸಿಗಳು, ಆಮೇಲೆ ದೊಡ್ಡ ಎಸ್‌ಯುವಿಗಳು.

ಚಿಕ್ಕಮಗಳೂರಿನವನು ಮಾತ್ರ ಗಾಡಿಗಿಂತ ಸುತ್ತಮುತ್ತ ಜಾಸ್ತಿ ನೋಡ್ತಿದ್ದ. ಅವರ ಊರಲ್ಲಿ ಕಾಫಿ ತೋಟದ ರಸ್ತೆಗಳಲ್ಲಿ ರ್ಯಾಲಿ ನಡೆಯೋದನ್ನ ಚಿಕ್ಕವನಿದ್ದಾಗಿಂದ ನೋಡಿದ್ದಾನೆ. "ನಮ್ ಕಡೆ ತೋಟದ ಸಾಹುಕಾರ್ರನ್ನ ಕೇಳಿ ಗೇಟ್ ತೆಗೆಸ್ತಾರೆ. ಆಳುಗಳಿಗೆ ಆ ದಿನ ಆ ಕಡೆ ಹೋಗಬೇಡಿ ಅಂತ ಮೊದಲೇ ಹೇಳಿರ್ತಾರೆ. ಇಲ್ಲಿ ಯಾರನ್ನ ಕೇಳ್ತಾರೋ?" ಅಂದ. ಇದು ಯಾರ ಜಾಗವೂ ಅಲ್ಲವಲ್ಲ, ಕೇಳೋದೇನು ಅಂತ ನಾನು ಅಂದುಕೊಂಡೆ.

ದಾರಿಯ ಆಚೆ ಬದಿಯಲ್ಲಿ, ಟೇಪ್ ಕಟ್ಟಿದ ಜಾಗದಿಂದ ಸ್ವಲ್ಪ ದೂರದಲ್ಲಿ ಒಬ್ಬ ಕುರಿಗಾಹಿ ನಿಂತಿದ್ದ. ವಯಸ್ಸು ಅರವತ್ತರ ಮೇಲೆ, ತಲೆಗೆ ಕೆಂಪು ಪೇಟ. ಜೊತೆಗೆ ಐವತ್ತು ಅರವತ್ತು ಕುರಿ ಮೇಕೆ. ನೀರಿನ ತೊಟ್ಟಿ ನಾವು ನಿಂತಿದ್ದ ಬದಿಯಲ್ಲಿತ್ತು. ದಾರಿ ದಾಟೋಕೆ ಬಂದಾಗಲೆಲ್ಲ ಮಾರ್ಷಲ್ ಸೀಟಿ ಊದಿ ಹಿಂದೆ ಕಳಿಸ್ತಿದ್ದ. ಮಾರ್ಷಲ್ ತಪ್ಪೇನೂ ಅಲ್ಲ, ಅವನ ಕೆಲಸವೇ ಅದು. ಬಿಸಿಲೇರ್ತಾ ಹೋಯ್ತು. ನಾವು ಹನ್ನೊಂದಕ್ಕೆ ಬಂದಿದ್ವಿ, ಕೊನೆ ಗಾಡಿ ಹೋದಾಗ ಮೂರು. ಅಷ್ಟು ಹೊತ್ತೂ ಆ ಕುರಿಗಳು ಒಂದರ ನೆರಳಲ್ಲಿ ಒಂದು ತಲೆ ಹಾಕಿಕೊಂಡು ನಿಂತಿದ್ದವು.

ವಾಪಸ್ ಹೊರಟಾಗ ನಾವು ಜಾಣತನ ಮಾಡಿದ್ವಿ. ಬಂದ ದಾರಿ ಬಿಟ್ಟು, ಮೊಬೈಲ್ ಮ್ಯಾಪಲ್ಲಿ ಹತ್ತಿರ ಕಂಡ ಕಡೆ ಗಾಡಿ ತಿರುಗಿಸಿದ್ವಿ. ಇನ್ನೂರು ಮೀಟರ್ ಹೋಗಿಲ್ಲ, ಹಿಂದಿನ ಎರಡೂ ಚಕ್ರ ಮರಳಲ್ಲಿ ಹೂತವು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ಎಂಟೆಕ್, ಬಿಇ, ಎಂಬಿಎ ಎಲ್ಲಾ ಸೇರಿ ಅರ್ಧ ಗಂಟೆ ಕೈಯಲ್ಲಿ ಮರಳು ತೋಡಿದ್ವಿ.

ಬಂದವನು ಅದೇ ಕುರಿಗಾಹಿ. ಕುರಿಗಳಿಗೆ ನೀರು ಕುಡಿಸಿ ಆ ಕಡೆಯೇ ಬರ್ತಾ ಇದ್ದ. ನಮ್ಮನ್ನ ನೋಡಿ ನಗಲಿಲ್ಲ, ಬೈಯಲಿಲ್ಲ. ಟೈರಿನ ಗಾಳಿ ಇಳಿಸೋಕೆ ಹೇಳಿದ. ಹತ್ತಿರದ ಪೊದೆಯಿಂದ ಕೊಂಬೆ, ಒಣಗಿದ ಸೇವಣ್ ಹುಲ್ಲಿನ ಗಂಟು ಕಿತ್ತು ತಂದು ಚಕ್ರದ ಮುಂದೆ ಹಾಸಿದ. ಇಬ್ಬರು ಹಿಂದೆ ತಳ್ಳಿ, ನಿಧಾನ, ನಿಧಾನ ಅಂದ. ಗಾಡಿ ಮೇಲೆ ಬಂತು.

ಧಾರವಾಡದವನು "ಕಾಕಾ" ಅಂತ ಕೈ ಮುಗಿದು ಐನೂರು ರೂಪಾಯಿ ಕೊಡೋಕೆ ಹೋದ. ತಗೊಳ್ಳಲಿಲ್ಲ. ನಮ್ಮ ಕೈಲಿದ್ದ ಮೊಬೈಲ್ ತೋರಿಸಿ ಒಂದೇ ಒಂದು ಮಾತು ಕೇಳಿದ: "ನಾಳೆಯೂ ಇವರು ಬರ್ತಾರಾ ಮಗಾ? ಎಷ್ಟು ಗಂಟೆಗೆ? ಗೊತ್ತಿದ್ರೆ ಹೇಳು, ಅದಕ್ಕಿಂತ ಮುಂಚೆ ನೀರಿಗೆ ಹೊಡ್ಕೊಂಡು ಹೋಗ್ತೀನಿ."

ಉಡುಪಿಯವನ ಮೊಬೈಲಲ್ಲಿ ಪೂರ್ತಿ ಟೈಮ್‌ಟೇಬಲ್ ಪಿಡಿಎಫ್ ಇತ್ತು. ಮೊದಲ ಬೈಕ್ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ದಾರಿ ಯಾವಾಗ ಮುಚ್ಚುತ್ತೆ, ಯಾವಾಗ ತೆರೆಯುತ್ತೆ, ಎಲ್ಲಾ. ಮರುದಿನ ಬೇರೆ ಕಡೆ ಸ್ಟೇಜ್, ಇಲ್ಲಿ ಯಾರೂ ಬರಲ್ಲ ಅಂತ ನೋಡಿ ಹೇಳಿದ್ವಿ. ಆತ ತಲೆ ಆಡಿಸಿ ಹೋದ.

ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳ್ತೀನಿ. ಗಾಡಿ ಬಂತಲ್ಲ ಅನ್ನೋ ಖುಷಿಯಲ್ಲಿ ನಾಲ್ಕೂ ಜನ ಸೆಲ್ಫಿ ತಗೊಂಡ್ವಿ. 'ಮಿಡಲ್ ಆಫ್ ನೋವೇರ್' ಅಂತ ಕ್ಯಾಪ್ಶನ್ ಹಾಕಿದೆ. ಆ ಫೋಟೋ ಇವತ್ತಿಗೂ ಇದೆ. ಮೂಲೆಯಲ್ಲಿ ಕೆಂಪು ಪೇಟ ಕಾಣುತ್ತೆ.

ಲೋಂಗೇವಾಲಾದ ಮರಳು

ಸೋಮವಾರ ವಾಪಸ್ ಹೊರಡೋ ಮುಂಚೆ ಲೋಂಗೇವಾಲಾಕ್ಕೆ ಹೋದ್ವಿ. 'ಬಾರ್ಡರ್' ಸಿನಿಮಾ ನೋಡಿದ ಎಲ್ಲರಿಗೂ ಈ ಹೆಸರು ಗೊತ್ತು. 1971ರ ಡಿಸೆಂಬರ್ 4ರ ರಾತ್ರಿ, ಪಂಜಾಬ್ ರೆಜಿಮೆಂಟಿನ ಸುಮಾರು 120 ಜನ ಸೈನಿಕರು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನೇತೃತ್ವದಲ್ಲಿ ಪಾಕಿಸ್ತಾನದ ಟ್ಯಾಂಕ್ ಪಡೆಯನ್ನ ಬೆಳಗಿನವರೆಗೂ ತಡೆದು ನಿಲ್ಲಿಸಿದ ಜಾಗ. ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನ ಒಂದೊಂದಾಗಿ ಹೊಡೆದವು.

ಸಿನಿಮಾದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಒಂದು ವಿಷಯ ಇದೆ. ಆ ಟ್ಯಾಂಕುಗಳಲ್ಲಿ ಎಷ್ಟೋ ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿದಾಗ ಮೆತ್ತನೆ ಮರಳಲ್ಲಿ ಹೂತುಹೋದವು. ಓಡಾಡೋಕೆ ಆಗದೆ ವಿಮಾನಗಳಿಗೆ ಸುಲಭದ ಗುರಿ ಆದವು. ನಕ್ಷೆಯಲ್ಲಿ ಬಯಲು ಅಂತ ಕಾಣೋ ಜಾಗದಲ್ಲಿ ಎಲ್ಲಿ ಗಟ್ಟಿ ನೆಲ, ಎಲ್ಲಿ ಮೆತ್ತಗೆ ಅನ್ನೋದು ಅಲ್ಲೇ ಓಡಾಡಿದವರಿಗೆ ಮಾತ್ರ ಗೊತ್ತು. ಗುಜರಾತಿನ ಗಡಿಯಲ್ಲಿ ನಮ್ಮ ಸೇನೆಗೆ ದಾರಿ ತೋರಿಸಿದ ರಣಛೋಡ್ ಪಗಿ ಒಬ್ಬ ಪಶುಪಾಲಕ. ಪಗಿ ಅಂದ್ರೆ ಹೆಜ್ಜೆ ಗುರುತು ಓದುವವನು. ಮರಳ ಮೇಲಿನ ಹೆಜ್ಜೆ ನೋಡಿ ಎಷ್ಟು ಜನ ಹೋದರು, ಎಷ್ಟು ಹೊತ್ತಾಯ್ತು ಅಂತ ಹೇಳ್ತಿದ್ರಂತೆ. ಅವರದ್ದೂ ಒಂದು ರೋಡ್‌ಬುಕ್ಕೇ, ಆದರೆ ಕಾಗದದ ಮೇಲೆ ಇರಲಿಲ್ಲ.

ಹೂತ ಟ್ಯಾಂಕುಗಳ ಕಥೆ ಕೇಳ್ತಾ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡ್ವಿ. ಹಿಂದಿನ ದಿನದ ಮರಳು ಇನ್ನೂ ಉಗುರಲ್ಲಿತ್ತು.

2019ರ ಸುದ್ದಿ

ಇದೆಲ್ಲ ಮರೆತೇಹೋಗಿತ್ತು. 2019ರ ಸೆಪ್ಟೆಂಬರ್ 21ರ ಸಂಜೆ ಮೊಬೈಲಲ್ಲಿ ಒಂದು ಸುದ್ದಿ ಬಂತು. ಬಾರ್ಮೇರ್ ಜಿಲ್ಲೆಯಲ್ಲಿ ನಡೀತಿದ್ದ ಕಾರ್ ರ್ಯಾಲಿಯಲ್ಲಿ, ಸ್ಪರ್ಧೆಗೆ ಅಂತ ಮುಚ್ಚಿದ್ದ ರಸ್ತೆಗೆ ಬಂದ ಒಂದು ಬೈಕಿಗೆ ರೇಸ್ ಕಾರು ಗುದ್ದಿ ಮೂರು ಜನ ಸತ್ತಿದ್ರು. ಗಂಡ, ಹೆಂಡತಿ, ಮಗ.

ತಪ್ಪು ಯಾರದ್ದು ಅಂತ ನಾನು ಇಲ್ಲಿ ಕೂತು ಹೇಳೋಕೆ ಹೋಗಲ್ಲ. ನನ್ನನ್ನ ಕಾಡಿದ್ದು ಒಂದು ಪದ: ಮುಚ್ಚಿದ್ದ ರಸ್ತೆ. ರ್ಯಾಲಿಯ ಕಾಗದದಲ್ಲಿ ಅದು ಸ್ಪೆಷಲ್ ಸ್ಟೇಜ್. ಆ ಮನೆಯವರಿಗೆ ಅದು ಊರಿನ ರಸ್ತೆ. ಆಗ ನನಗೆ ಆ ಕೆಂಪು ಪೇಟದವನ ಪ್ರಶ್ನೆ ನೆನಪಾಯ್ತು. 750 ಕಿ.ಮೀ. ದೂರದಿಂದ ಮಜಾ ಮಾಡೋಕೆ ಬಂದ ನಮ್ಮ ಹತ್ತಿರ ಟೈಮ್‌ಟೇಬಲ್ ಇತ್ತು. ದಿನಾ ಆ ದಾರಿ ದಾಟೋನ ಹತ್ತಿರ ಇರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಸರ್ವರ್ ಹತ್ತು ನಿಮಿಷ ನಿಲ್ಲಿಸಬೇಕಂದ್ರೆ ಮೂರು ದಿನ ಮುಂಚೆ ಎಲ್ಲರಿಗೂ ಮೇಲ್ ಕಳಿಸ್ತೀವಿ. ಒಬ್ಬರಿಗೆ ತಪ್ಪಿದ್ರೂ ಅದನ್ನ ನಮ್ಮ ತಪ್ಪು ಅಂತ ಬರೀತೀವಿ.

ಅವತ್ತಿನಿಂದ ನಾನು ರ್ಯಾಲಿ ಚರಿತ್ರೆಯನ್ನ ಇನ್ನೊಂದು ಕಡೆಯಿಂದ ಓದೋಕೆ ಶುರು ಮಾಡಿದೆ. ಗೆದ್ದವರ ಪಟ್ಟಿ ಎಲ್ಲಾ ಕಡೆ ಸಿಗುತ್ತೆ. ಟೇಪಿನ ಆಚೆ ನಿಂತವರದ್ದು ಹುಡುಕಬೇಕು.

1988ರ ಡಾಕಾರ್ ತಗೊಳ್ಳಿ. ಆ ವರ್ಷ ಸ್ಪರ್ಧಿಗಳೂ ಸತ್ತರು. ಜೊತೆಗೆ ಮಾಲಿಯಲ್ಲಿ ರಸ್ತೆ ದಾಟ್ತಿದ್ದ ಹತ್ತು ವರ್ಷದ ಹುಡುಗಿ ರೇಸ್ ಗಾಡಿಗೆ ಸಿಕ್ಕಿ ಸತ್ತಳು. ಮಾರಿಟೇನಿಯಾದಲ್ಲಿ ತಾಯಿ ಮತ್ತು ಮಗಳು, ರೇಸ್ ಚಿತ್ರೀಕರಣಕ್ಕೆ ಬಂದವರ ಗಾಡಿಗೆ ಸಿಕ್ಕಿ ಸತ್ತರು. 2006ರ ಜನವರಿಯಲ್ಲಿ ಎರಡು ದಿನದಲ್ಲಿ ಇಬ್ಬರು ಹುಡುಗರು, ಒಬ್ಬ ಗಿನಿಯಲ್ಲಿ, ಒಬ್ಬ ಸೆನೆಗಲ್‌ನಲ್ಲಿ. ಒಬ್ಬನಿಗೆ ಹತ್ತು, ಒಬ್ಬನಿಗೆ ಹನ್ನೆರಡು ವರ್ಷ. ನೋಡೋಕೆ ಹೋದವರ ಕಥೆಯೂ ಇದೆ. 2010ರ ಆಗಸ್ಟ್ 14ರ ರಾತ್ರಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಕ್ಯಾಲಿಫೋರ್ನಿಯಾ 200 ಅನ್ನೋ ರೇಸಿನಲ್ಲಿ, ಟ್ರ್ಯಾಕಿಗೆ ಅಂಟಿಕೊಂಡು ನಿಂತಿದ್ದ ಪ್ರೇಕ್ಷಕರ ಮೇಲೆ ಟ್ರಕ್ ಉರುಳಿ ಎಂಟು ಜನ ಸತ್ತರು. ಅವರೂ ನಮ್ಮ ಹಾಗೇ ಮೊಬೈಲ್ ಹಿಡಿದು ವಾರಾಂತ್ಯ ಕಳೆಯೋಕೆ ಹೋದವರು.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು 1986ರದ್ದು. ಆ ಜನವರಿ 14ರಂದು ಮಾಲಿಯಲ್ಲಿ ಒಂದು ಹೆಲಿಕಾಪ್ಟರ್ ಬಿದ್ದು ಐದು ಜನ ಸತ್ತರು. ಒಬ್ಬ ಥಿಯೆರಿ ಸಬೀನ್, ರೇಸ್ ಕಟ್ಟಿದವನು. ಇನ್ನೊಬ್ಬ ಫ್ರಾನ್ಸಿನ ಜನಪ್ರಿಯ ಗಾಯಕ ಡಾನಿಯೆಲ್ ಬಾಲಾವ್ವಾನ್. ಬಾಲಾವ್ವಾನ್ ಆ ಸಲ ರೇಸ್ ಓಡಿಸೋಕೆ ಬಂದಿರಲಿಲ್ಲ. ಹಿಂದೆ ಸ್ಪರ್ಧಿಯಾಗಿ ಬಂದಾಗ ದಾರಿಯ ಹಳ್ಳಿಗಳನ್ನ ನೋಡಿದ್ದ. ಈ ಸಲ ಬಂದಿದ್ದು ಆ ಹಳ್ಳಿಗಳಿಗೆ ನೀರಿನ ಪಂಪ್ ಹಾಕಿಸೋ ಕೆಲಸಕ್ಕೆ. ರೇಸಿನ ಒಳಗೇ ಇದ್ದು ಟೇಪಿನ ಆಚೆ ನೋಡಿದವನು ಅವನು.

2008ರಲ್ಲಿ ರೇಸ್ ಹೊರಡೋ ಹಿಂದಿನ ದಿನ ರದ್ದಾಯ್ತು. ಕೆಲವೇ ದಿನ ಮುಂಚೆ ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗಳ ಹತ್ಯೆ ಆಗಿತ್ತು. ಆಮೇಲೆ ಡಾಕಾರ್ ಅನ್ನೋ ಹೆಸರು ಇಟ್ಟುಕೊಂಡೇ ರೇಸು ಆಫ್ರಿಕಾ ಬಿಟ್ಟಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕ, 2020ರಿಂದ ಸೌದಿ ಅರೇಬಿಯಾ. ಸೌದಿಯಲ್ಲಿ ಅದು ಓಡೋ ಜಾಗಗಳಲ್ಲಿ ಒಂದರ ಹೆಸರು ಅರ್-ರುಬ್ ಅಲ್-ಖಾಲಿ. ಖಾಲಿಯಾದ ಕಾಲು ಭಾಗ ಅಂತ ಅರ್ಥ. ಗಮನಿಸಿದ್ರಾ? ನಾವು ಕನ್ನಡದಲ್ಲಿ ದಿನಾ ಹೇಳೋ 'ಖಾಲಿ' ಅನ್ನೋ ಪದ ಅರಬ್ಬಿಯಿಂದ ಬಂದಿದ್ದೇ. ಆದರೆ ಅಲ್ಲಿ ಒಂಟೆ ಮೇಯಿಸೋ ಬೆದೂಯಿನ್ ಜನ ಅದನ್ನ ಹಾಗೆ ಕರೆಯಲ್ಲ. ಅವರಿಗೆ ಅದು ಅರ್-ರಿಮಾಲ್, ಅಂದ್ರೆ ಮರಳು. ಒಳಗಿದ್ದವರು ಇರೋದನ್ನ ಹೇಳ್ತಾರೆ, ಹೊರಗಿದ್ದವರು ಇಲ್ಲದ್ದನ್ನ.

ಖಾಲಿ ಜಾಗದಲ್ಲಿ ಏನಿದೆ?

ಈಗ ನಮ್ಮ ಥಾರ್‌ಗೆ ಬರೋಣ. ಜೈಸಲ್ಮೇರ್ ಜಿಲ್ಲೆ ಹೆಚ್ಚುಕಮ್ಮಿ ಇಡೀ ಕೇರಳದಷ್ಟು ದೊಡ್ಡದು, 38 ಸಾವಿರ ಚದರ ಕಿ.ಮೀ. 2011ರ ಜನಗಣತಿ ಪ್ರಕಾರ ಅಲ್ಲಿ 6.7 ಲಕ್ಷ ಜನ. ಚದರ ಕಿಲೋಮೀಟರಿಗೆ 17 ಜನ ಅಷ್ಟೇ, ನಿಜ. ಆದರೆ ಪಕ್ಕದ ಬಾರ್ಮೇರ್‌ನಲ್ಲಿ 26 ಲಕ್ಷ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಬದುಕೋ ಮರುಭೂಮಿಗಳಲ್ಲಿ ಥಾರ್ ಒಂದು.

ಅಷ್ಟು ಜನ ನೀರಿಗೆ ಏನು ಮಾಡ್ತಿದ್ರು ಅನ್ನೋದಕ್ಕೆ ಅನುಪಮ್ ಮಿಶ್ರಾ ಅವರು 1995ರಲ್ಲಿ 'ರಾಜಸ್ಥಾನ್ ಕೀ ರಜತ್ ಬೂಂದೇ' ಅನ್ನೋ ಹಿಂದಿ ಪುಸ್ತಕ ಬರೆದ್ರು. ಸಿಕ್ಕರೆ ಓದಿ. ಮರುಭೂಮಿಯ ಜನ ನೀರನ್ನ ಮೂರು ಥರ ಅಂತ ಎಣಿಸ್ತಾರೆ. ಮಳೆಯಿಂದ ನೇರ ಸಿಗೋದು ಒಂದು, ಪಾತಾಳದ ನೀರು ಇನ್ನೊಂದು. ಪಾತಾಳದ್ದು ಹೆಚ್ಚಾಗಿ ಉಪ್ಪು. ಮೂರನೇದು ಇವೆರಡರ ನಡುವಿನದು. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ಮಿನ ಒಂದು ಪಟ್ಟಿ ಇದೆ. ಮಳೆ ನೀರು ಮರಳಲ್ಲಿ ಇಂಗಿ, ಆ ಪಟ್ಟಿ ತಡೆಯೋದರಿಂದ ಉಪ್ಪು ನೀರಿಗೆ ಸೇರದೆ ತೇವವಾಗಿ ಉಳಿಯುತ್ತೆ. ಆ ತೇವ ಹಿಡಿಯೋಕೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತು ತೋಡುವಷ್ಟೇ ಅಗಲದ ಆಳವಾದ ಬಾವಿ ತೋಡ್ತಾರೆ. ಅದರ ಹೆಸರು ಕೂಂಯಿ. ಒಂದು ಕೂಂಯಿಯಲ್ಲಿ ದಿನಕ್ಕೆ ಎರಡೋ ಮೂರೋ ಕೊಡ ನೀರು ಒಸರುತ್ತೆ. ಜಿಪ್ಸಮ್ ಪಟ್ಟಿ ಎಲ್ಲಿದೆ ಅಂತ ಸ್ಯಾಟಲೈಟ್ ಇಲ್ಲದ ಕಾಲದಲ್ಲೇ ಕಂಡುಕೊಂಡಿದ್ರು. ಜೈಸಲ್ಮೇರ್ ಸುತ್ತಿನ ಪಾಲೀವಾಲರು ಇಳಿಜಾರಿನ ಕೊನೆಯಲ್ಲಿ ಏರಿ ಕಟ್ಟಿ, ಮಳೆ ನೀರು ನಿಲ್ಲಿಸಿ, ಇಂಗಿದ ಮೇಲೆ ಅದೇ ಹಸಿ ನೆಲದಲ್ಲಿ ಗೋಧಿ, ಕಡಲೆ ಬೆಳೀತಿದ್ರು. ಅದಕ್ಕೆ ಖಡೀನ್ ಅಂತಾರೆ. ಇವತ್ತಿಗೂ ಬೆಳೀತಾರೆ.

ಇನ್ನೊಂದು ವಿಷಯ. ಅಲ್ಲಿ ದಾರಿಯುದ್ದಕ್ಕೂ ಕಂಡ ಖೇಜ್ಡಿ ಮರ ಬೇರೇನೂ ಅಲ್ಲ, ನಾವು ದಸರಾದಲ್ಲಿ ಎಲೆ ಹಂಚಿಕೊಳ್ಳೋ ನಮ್ಮ ಬನ್ನಿ ಮರ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಹಳ್ಳಿಯಲ್ಲಿ ರಾಜನ ಆಳುಗಳು ಈ ಮರ ಕಡಿಯೋಕೆ ಬಂದಾಗ, ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಮರ ತಬ್ಬಿ ನಿಂತು ಪ್ರಾಣ ಕೊಟ್ಟರು. ಅವತ್ತು ಬಂದವರಿಗೂ ಅದು ಸುಮ್ಮನೆ ಬೆಳೆದು ನಿಂತ ಸೌದೆ ಅಷ್ಟೇ.

ಖಾಲಿ ಅಂತ ಎಣಿಸಿ ಏನೇನು ಮಾಡ್ತೀವಿ ನೋಡಿ. 1974ರ ಮೇ 18ಕ್ಕೆ ಪೋಖ್ರಾನ್‌ನಲ್ಲಿ ಮೊದಲ ಅಣು ಪರೀಕ್ಷೆ ಆಯ್ತು. ಅದರ ಮುಂದಾಳತ್ವ ವಹಿಸಿದವರಲ್ಲಿ ಪ್ರಮುಖರು ನಮ್ಮ ತುಮಕೂರಿನ ರಾಜಾ ರಾಮಣ್ಣ. ನಮಗೆಲ್ಲ ಹೆಮ್ಮೆ, ನನಗೂ ಹೆಮ್ಮೆ. 1998ರ ಪರೀಕ್ಷೆಯೂ ಅದೇ ಬಯಲಲ್ಲಿ ಆಯ್ತು. ಆ ಬಯಲಿನ ಪಕ್ಕದಲ್ಲೇ ಖೇತೋಲಾಯಿ ಅನ್ನೋ ಊರಿದೆ, ಮನೆ, ಶಾಲೆ, ದನಕರು ಎಲ್ಲಾ ಇದೆ ಅಂತ ನಾನು ಓದಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

ನಮ್ಮೂರ ಕಾವಲು

ಈಗ ನನ್ನ ವಿಷಯ. ಇದನ್ನ ವಿಡಿಯೋದಲ್ಲಿ ಹೇಳೋದೋ ಬೇಡವೋ ಅಂತ ಎರಡು ಸಲ ಯೋಚಿಸಿದೆ.

ಚಳ್ಳಕೆರೆ ಸುತ್ತಮುತ್ತ ಅಮೃತ ಮಹಲ್ ಕಾವಲುಗಳಿವೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ರಾಸುಗಳ ಇಲಾಖೆಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಆ ರಾಸು ಮೇಯೋಕೆ ಕಾಯ್ದಿಟ್ಟ ಹುಲ್ಲುಗಾವಲೇ ಕಾವಲು. ಆಮೇಲೆ ಅದರಲ್ಲಿ ಸುತ್ತಲ ಹಳ್ಳಿಗಳ ಕುರಿ, ದನ ಮೇಯ್ತಾ ಬಂದವು. ನಮ್ಮಜ್ಜನ ಕುರಿಯೂ ಅಲ್ಲೇ ಮೇಯ್ತಿದ್ದವು.

ಕೆಲವು ವರ್ಷದ ಹಿಂದೆ ಆ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯ್ತು. ನಮ್ಮ ಮನೆಯವರಿಗೆ ಅದು ಗೊತ್ತಾಗಿದ್ದು ಕಾಂಪೌಂಡ್ ಗೋಡೆ ಏಳೋಕೆ ಶುರುವಾದಾಗ. ನಾನಾಗ ಬೆಂಗಳೂರಲ್ಲಿ ಎಂಟೆಕ್ ಮಾಡ್ತಿದ್ದೆ. ನನಗೆ ಖುಷಿಯೇ ಆಗಿತ್ತು. ನಮ್ಮ ಚಳ್ಳಕೆರೆಗೆ ವಿಜ್ಞಾನ ಬರುತ್ತೆ, ಸಣ್ಣ ಮಾತಾ? ರಜೆಗೆ ಊರಿಗೆ ಹೋದಾಗ ಅಜ್ಜ ಸಪ್ಪಗೆ ಕೂತಿದ್ರು. ನಾನು ಸಮಾಧಾನ ಮಾಡೋ ಹಾಗೆ ಹೇಳಿದೆ, "ಹೋಗ್ಲಿ ಬಿಡಜ್ಜ, ಅಲ್ಲೇನಿತ್ತು? ಬರೀ ಹುಲ್ಲು, ಖಾಲಿ ಜಾಗ."

ಅಜ್ಜ ಜಗಳ ಆಡಲಿಲ್ಲ. "ಹಂಗಂತ ಕುರಿಗೆ ಯಾರು ಹೇಳ್ತಾರಪ್ಪ" ಅಂದ್ರು, ಅಷ್ಟೇ. ಮುಂದಿನ ವರ್ಷ ಅರ್ಧ ಕುರಿ ಮಾರಿದ್ರು. ಅದರ ಮುಂದಿನ ವರ್ಷ ಉಳಿದದ್ದು.

2019ರಲ್ಲಿ ಆ ಬಾರ್ಮೇರ್ ಸುದ್ದಿ ಓದಿದ ರಾತ್ರಿ ಮೊದಲ ಸಲ ನನಗೆ ಈ ಎರಡು ಮಾತು ಒಟ್ಟಿಗೆ ಕೇಳಿಸಿದ್ದು. ಕೆಂಪು ಪೇಟದವನು ಎಷ್ಟು ಗಂಟೆಗೆ ಅಂತ ಕೇಳಿದ್ದು, ಅಜ್ಜ ಯಾರು ಹೇಳ್ತಾರೆ ಅಂದಿದ್ದು. ಇಬ್ಬರೂ ಕೇಳಿದ್ದು ಹೆಚ್ಚೇನಲ್ಲ. ರೇಸ್ ನಿಲ್ಲಿಸಿ ಅಂತಲೋ ಗೋಡೆ ಒಡೀರಿ ಅಂತಲೋ ಕೇಳಲಿಲ್ಲ. ನಾನೂ ಇಲ್ಲಿ ಇದ್ದೀನಿ, ನನಗೂ ಒಂದು ಮಾತು ಮೊದಲೇ ಹೇಳಿ, ಅಷ್ಟೇ.

ಕುರಿಗಾಹಿಯ ಮೊಮ್ಮಗನಾಗಿ ಹುಟ್ಟಿದ ನಾನು, ಕುರಿ ಕಾಯೋನನ್ನ ಎದುರಿಗೆ ಇಟ್ಟುಕೊಂಡೇ 'ಇಲ್ಲಿ ಏನೂ ಇಲ್ಲ' ಅಂದಿದ್ದೆ. ಆ ಫೋಟೋ ಡಿಲೀಟ್ ಮಾಡಿಲ್ಲ, ಕ್ಯಾಪ್ಶನ್ ಮಾತ್ರ ತೆಗೆದಿದ್ದೀನಿ.

ನಾನು ರ್ಯಾಲಿ ವಿರೋಧಿ ಅಲ್ಲ. ಸಂತೋಷ್, ಅರವಿಂದ್ ಅಂಥವರ ಧೈರ್ಯ, ಶ್ರಮ ಸಣ್ಣದಲ್ಲ. ಮುಂದಿನ ಸಲ ಅಂಥದ್ದೊಂದು ನಡೆದ್ರೆ ನಾನು ಮತ್ತೆ ಹೋಗ್ತೀನಿ, ಉಡುಪಿಯವನು ಈಗ ಪುಣೆಯಲ್ಲಿದ್ದಾನೆ, ಅವನೂ ಬರ್ತಾನೆ. ನೀವೂ ಹೋಗಿ. ಮಾರ್ಷಲ್ ಎಲ್ಲಿ ನಿಲ್ಲಿ ಅಂತಾನೋ ಅಲ್ಲೇ ನಿಲ್ಲಿ, ತಿರುವಿನ ಹೊರಬದಿಯಲ್ಲಿ ಮಾತ್ರ ಯಾವತ್ತೂ ನಿಲ್ಲಬೇಡಿ. ಗಾಡಿಯಲ್ಲಿ ಟೈರಿನ ಗಾಳಿ ತುಂಬೋ ಪಂಪು, ಒಂದು ಸಲಿಕೆ, ಎರಡು ಹಳೇ ಗೋಣಿಚೀಲ ಇಟ್ಕೊಳ್ಳಿ. ರಾತ್ರಿ ಚಹಾ ಕುಡಿಯೋಕೆ ನಿಲ್ಲಿಸಿದ ಊರಲ್ಲಿ, ಬೆಳಗ್ಗೆ ಯಾವ ದಾರಿ ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ನಿಮ್ಮ ಮೊಬೈಲಲ್ಲಿ ಇರೋದನ್ನ ಅಂಗಡಿಯವನಿಗೆ ಹೇಳಿ. ಅವನು ಹತ್ತು ಜನಕ್ಕೆ ಹೇಳ್ತಾನೆ. ಎರಡು ನಿಮಿಷದ ಕೆಲಸ.

ಅಜ್ಜ ತೀರಿಕೊಂಡು ನಾಲ್ಕು ವರ್ಷ ಆಯ್ತು. ಈ ಮಾತನ್ನ ಅವರಿಗೆ ಹೇಳೋಕೆ ಆಗಲಿಲ್ಲ, ಹಾಗಾಗಿ ನಿಮಗೆ ಹೇಳ್ತಾ ಇದ್ದೀನಿ.